ಐದನೇ ಹಲ್ಲು, ಆರನೇ ಹಲ್ಲು

ಮೊದಲ ಏಟು ಗೋಡೆಗೆ ಬಿತ್ತು. ಎರಡನೆಯದು ತಮ್ಮನ ದವಡೆಗೆ.

"ಕಾರ್ಡೇ ಇಲ್ಲ ಅಂದ್ರೆ ಏನೋ ಅರ್ಥ? ಕಣ್ಣೆದುರಿಗೇ ಇದೆಯಲ್ಲೋ!" ಅಣ್ಣ ಕಿರುಚಿದ.

ತಮ್ಮ ನೆಲದಿಂದೆದ್ದು ಕೀಬೋರ್ಡನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡ. ಬಾಯಲ್ಲಿ ರಕ್ತದ ರುಚಿ. ನಾಲಗೆ ತಾಗಿಸಿದರೆ ಮೇಲಿನ ಹಲ್ಲೊಂದು ಅಲುಗುತ್ತಿತ್ತು.

"ನಿನಗೆ ಕಾಣುತ್ತೆ, ಕಂಪ್ಯೂಟರಿನ ಬೋರ್ಡಿಗೆ ಕಾಣಲ್ಲ. ಇನ್ನೊಂದು ಏಟು ಹಾಕು, ನನಗೂ ಕಾಣದ ಹಾಗಾಗುತ್ತೆ."

ಮನೆಯ ಕೆಳಗಿನ ಶೆಡ್ಡಿನಲ್ಲಿ ಅಪ್ಪ ಬಾಕ್ಸಿಂಗ್ ಕಲಿಸುತ್ತಿದ್ದ. ರಿಂಗಿನ ಮೇಲೆ ಒಂದು ಕ್ಯಾಮೆರಾ ಇತ್ತು. ಅದು ನೋಡಿದ್ದೆಲ್ಲ ಮೆಟ್ಟಿಲ ಪಕ್ಕದ ಈ ಕಿರುಕೋಣೆಗೆ, ತಮ್ಮ ಕಟ್ಟಿದ ಸರ್ವರಿನ ಡಿಸ್ಕುಗಳಿಗೆ ಬಂದು ಸೇರುತ್ತಿತ್ತು. ಶನಿವಾರದ ಪಂದ್ಯವೂ ಅದರಲ್ಲೇ ಇತ್ತು. ಅವತ್ತು ಅಣ್ಣನ ಏಟು ತಿಂದು ಬಿದ್ದ ಬೇಕರಿಯ ಹುಡುಗ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಸುತ್ತು ಮುಗಿದ ಮೇಲೂ ಅಣ್ಣ ಹೊಡೆದ ಎಂದು ಅವನ ಕಡೆಯವರು ದೂರು ಕೊಟ್ಟಿದ್ದರು. ನಾಳೆ ಬೆಳಿಗ್ಗೆ ಬಾಕ್ಸಿಂಗ್ ಸಂಘದ ವಿಚಾರಣೆ. ಅದು ನಿಜವೆಂದಾದರೆ ಅಣ್ಣ ಮತ್ತೆ ರಿಂಗಿಗೆ ಇಳಿಯುವಂತಿಲ್ಲ. ಅಲ್ಲಿಂದ ನೇರ ಪೊಲೀಸರ ಕೈಗೆ.

"ಗಂಟೆ ಆದ ಮೇಲೆ ನಾನು ಹೊಡೆದಿಲ್ಲ ಕಣೋ. ಗಂಟೆ ಕೇಳಿದ್ರೆ ನನ್ನ ಕೈ ತಾನೇ ಇಳಿಯುತ್ತೆ. ನಿನಗೆ ಗೊತ್ತಲ್ಲ."

ತಮ್ಮನಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಇಬ್ಬರೂ ಅಡುಗೆಮನೆಯಲ್ಲಿ ಜುಟ್ಟು ಹಿಡಿದು ಉರುಳಾಡುವಾಗ ಅಮ್ಮ ಸೌಟಿನಿಂದ ತಟ್ಟೆಗೆ ಬಡಿಯುತ್ತಿದ್ದಳು. ಅಣ್ಣನ ಮುಷ್ಟಿ ತಕ್ಷಣ ಸಡಿಲವಾಗುತ್ತಿತ್ತು. ಆ ಒಂದು ಗಳಿಗೆಯಲ್ಲಿ ಅವನ ಹೊಟ್ಟೆಗೆ ಗುದ್ದಿ ಓಡುವುದು ತಮ್ಮನ ಪದ್ಧತಿ.

"ಆ ಡಿಸ್ಕುಗಳನ್ನೇ ಸೀದಾ ಬೋರ್ಡಿಗೆ ಚುಚ್ಚೋಕಾಗಲ್ವಾ?"

"ಅವುಗಳ ಬಾಯಿ ಬೇರೆ. ಈ ಕಾರ್ಡಿನ ಮೂಲಕವೇ ಹೋಗಬೇಕು."

ಮೊನ್ನೆ ಕರೆಂಟು ಹೋಗಿ ಬಂದಾಗ ಸೆಟ್ಟಿಂಗ್ ಅಳಿಸಿಹೋಗಿರಬೇಕು ಎಂದುಕೊಂಡು ತಮ್ಮ ಬೆಳಿಗ್ಗೆಯಿಂದ ಅದರಲ್ಲೇ ತಡಕಾಡುತ್ತಿದ್ದ. ಬೋರ್ಡಿನ ಬ್ಯಾಟರಿ ತೆಗೆದು ಹಾಕಿದ್ದ. ಬೋರ್ಡು ಗುರುತಿಸಿದ ಭಾಗಗಳ ಪಟ್ಟಿಯಲ್ಲಿ ನೆಟ್‌ವರ್ಕ್ ಇತ್ತು, ಧ್ವನಿಯ ಭಾಗ ಇತ್ತು, ಕಾರ್ಡು ಮಾತ್ರ ಇರಲಿಲ್ಲ. ಫ್ಯಾನುಗಳು ಮಾತ್ರ ಗುಂಯ್ ಎನ್ನುತ್ತಿದ್ದವು.

ಅಪ್ಪ ಬಾಗಿಲಿಗೆ ಬಂದು ನಿಂತ. ಕೈಗೆ ಸುತ್ತುವ ಬಟ್ಟೆಯ ಸುರುಳಿ ಹೆಗಲ ಮೇಲಿತ್ತು. "ಸತ್ತ ಡಬ್ಬದ ಜೊತೆ ಏನ್ರೋ ಜಗಳ? ಬಿಟ್ಟಾಕಿ. ನಾಳೆ ನಾನು ಮಾತಾಡ್ತೀನಿ."

"ನೀನು ಮಾತಾಡಿದ್ರೆ ಯಾರು ನಂಬ್ತಾರೆ? ನೀನು ನನ್ನಪ್ಪ," ಎಂದ ಅಣ್ಣ.

ಅಪ್ಪ ಕೆಳಗಿಳಿದು ಹೋದ.

ತಮ್ಮ ಕರೆಂಟು ತೆಗೆದ. ಸ್ಕ್ರೂ ಬಿಚ್ಚಿ, ಕೊಂಡಿ ಒತ್ತಿ, ಕಾರ್ಡನ್ನು ಮೇಲಕ್ಕೆಳೆದ. ಅದರ ಅಂಚಿನುದ್ದಕ್ಕೂ ಚಿನ್ನದ ಬಣ್ಣದ ಹಲ್ಲುಗಳ ಸಾಲು. ದೀಪದ ಕೆಳಗೆ ತಿರುಗಿಸಿ ನೋಡಿದವನ ಕೈ ನಿಂತುಬಿಟ್ಟಿತು.

ಐದನೆಯ, ಆರನೆಯ ಹಲ್ಲುಗಳು ಬೆತ್ತಲಾಗಿದ್ದವು.

ಅದು ಯಾವುದೋ ದೊಡ್ಡ ಕಚೇರಿಯ ಯಂತ್ರದಿಂದ ಕಿತ್ತು ತಂದ ಹಳೆಯ ಕಾರ್ಡು. ಆ ಎರಡು ಹಲ್ಲುಗಳ ಮೂಲಕ ಅದು ಆಡುವ ಮಾತು ಮನೆಯ ಬೋರ್ಡಿಗೆ ಒಗ್ಗುವುದಿಲ್ಲ. ಬೋರ್ಡು ಕಾರ್ಡನ್ನೇ ಗುರುತಿಸದೆ ಕೂರುತ್ತದೆ. ಅದಕ್ಕೇ ಆ ಎರಡರ ಮೇಲೆ ಜೇನುಬಣ್ಣದ ಸಣ್ಣ ಟೇಪು ಅಂಟಿಸಬೇಕು. ಅಂಟಿಸಿದವನೂ ತಮ್ಮನೇ. ಅವತ್ತು ಪಕ್ಕದಲ್ಲಿ ನಿಂತಿದ್ದ ಅಪ್ಪ ನಕ್ಕಿದ್ದ: "ಓಹೋ, ಇದಕ್ಕೂ ಕೈ ಕಟ್ಟಿಯೇ ರಿಂಗಿಗೆ ಇಳಿಸಬೇಕಾ? ಬಿಚ್ಚಿದ್ರೆ?" "ಬಿಚ್ಚಿದ್ರೆ ಒಳಗಿರೋದೆಲ್ಲ ಹೋದ ಹಾಗೇ," ಎಂದಿದ್ದ ತಮ್ಮ.

ಹಲ್ಲುಗಳ ಮೇಲೆ ಅಂಟು ಉಳಿದಿತ್ತು. ಪಕ್ಕದಲ್ಲಿ ಉಗುರು ಎಳೆದ ಗೆರೆ. ಟೇಪು ತಾನಾಗಿ ಬಿದ್ದಿರಲಿಲ್ಲ.

ತಮ್ಮ ಬಾಗಿಲಿನ ಚೌಕಟ್ಟಿನತ್ತ ನೋಡಿದ. ಪಂದ್ಯಕ್ಕೆ ಮುಂಚೆ ಹುಡುಗರ ಕೈಕಟ್ಟಿನ ಟೇಪು ಕಿತ್ತು ಪರೀಕ್ಷಿಸುವಾಗೆಲ್ಲ ಅಪ್ಪ ಅದನ್ನು ಬೆರಳಲ್ಲಿ ಉರುಳಿಸಿ, ಉಂಡೆ ಮಾಡಿ, ಹತ್ತಿರದ ಬಾಗಿಲಿಗೆ ಒತ್ತಿಬಿಡುತ್ತಿದ್ದ. ಶೆಡ್ಡಿನ ಬಾಗಿಲಿಗೆ ಅಂಥ ಬಿಳಿಯ ಉಂಡೆಗಳು ಸಿಡುಬಿನಂತೆ ಎದ್ದಿದ್ದವು. ಇಲ್ಲಿ ಒಂದೇ ಒಂದು ಇತ್ತು. ಸಾಸಿವೆ ಗಾತ್ರದ್ದು. ಜೇನುಬಣ್ಣದ್ದು.

"ಏನೋ ನೋಡ್ತಿದ್ದೀಯ?" ಅಣ್ಣ ಅವನ ಕತ್ತಿನ ಪಟ್ಟಿ ಹಿಡಿದ.

ಅಪ್ಪ ಮುಚ್ಚಿಟ್ಟಿದ್ದಾನೆ ಎಂದರೆ ಅಣ್ಣ ತಪ್ಪು ಮಾಡಿದ್ದಾನೆ. ಮಗನನ್ನು ಉಳಿಸಲು ತಂದೆ ಟೇಪು ಕಿತ್ತಿದ್ದಾನೆ. ತಮ್ಮನಿಗೆ ಹೊಳೆದದ್ದು ಅಷ್ಟೇ. ಕಾರ್ಡು ಸುಟ್ಟುಹೋಗಿದೆ ಎಂದು ಸುಳ್ಳು ಹೇಳಿದರೆ ಎಲ್ಲ ಮುಗಿಯುತ್ತಿತ್ತು. ಅಣ್ಣ ಅವನ ತಲೆಯನ್ನು ಗೋಡೆಗೆ ಒಮ್ಮೆ ಬಡಿದ; ಹಲ್ಲು ಇನ್ನಷ್ಟು ಸಡಿಲವಾಯಿತು. "ಮಾತಾಡೋ!"

"ಕೈ ಬಿಡು. ಸರಿ ಮಾಡ್ತೀನಿ," ಎಂದ ತಮ್ಮ. ನೋಡು ಹಾಗಾದರೆ, ನೀನೇ ನೋಡಿಕೋ, ಎಂದು ಒಳಗೊಳಗೇ ಕುದಿಯುತ್ತಿದ್ದ.

ಬ್ಲೇಡಿನಲ್ಲಿ ಟೇಪು ಸೀಳಿದ. ಜೊತೆಗೆ ಬೆರಳೂ ಸೀಳಿತು. ಹಲ್ಲುಗಳನ್ನು ಒರೆಸಿ, ಅಂಟಿಸಿ, ಕಾರ್ಡನ್ನು ಕಟ್ ಎನ್ನುವವರೆಗೆ ಒತ್ತಿ ಕೂರಿಸಿದ. ಈ ಸಲ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಿತ್ತು. ಡಿಸ್ಕುಗಳು ಒಂದೊಂದಾಗಿ ಗೊರಗುಟ್ಟಿ ಎದ್ದವು.

ವಿಡಿಯೋಗೆ ಧ್ವನಿ ಇರಲಿಲ್ಲ. ಅಣ್ಣ ಹಿಂದೆ ಹಿಂದೆ ಸರಿಯುತ್ತ, ಸೋಲುತ್ತಿದ್ದ. ಗೋಡೆ ಗಡಿಯಾರದ ಕೆಂಪು ಮುಳ್ಳು ಗುರುತು ದಾಟಿತು. ಬೇಕರಿಯವನ ಕಡೆಯವರು ಗಡಿಯಾರ ತೋರಿಸಿ ಕೂಗಿದರು. ಸುತ್ತು ಮುಗಿಯಿತೆಂದುಕೊಂಡು ಬೇಕರಿಯ ಹುಡುಗ ಕೈ ಇಳಿಸಿದ. ಚಿತ್ರದ ಮೂಲೆಯಲ್ಲಿ ಅಪ್ಪ, ಗಂಟೆಯ ಹಗ್ಗ ಹಿಡಿದು ಗಡಿಯಾರವನ್ನೇ ನೋಡುತ್ತಿದ್ದ. ಹಗ್ಗ ಎಳೆಯಲಿಲ್ಲ. ಅವನ ತುಟಿ ಅಲುಗಿತು. ಅಣ್ಣ ಹೊಡೆದ, ಮತ್ತೆ ಹೊಡೆದ. ಹುಡುಗನ ತಲೆ ನೆಲಕ್ಕೆ ಬಡಿದ ಮೇಲೆ ಅಪ್ಪ ಹಗ್ಗ ಎಳೆದ. ಅಣ್ಣನ ಕೈ ತಟ್ಟನೆ ಇಳಿಯಿತು.

"ಅಪ್ಪ 'ಮುಗಿಸು' ಅಂದ," ಎಂದ ಅಣ್ಣ. ಅವನ ದನಿ ತಣ್ಣಗಿತ್ತು. "ನನಗೆ ಕೇಳಿಸಿತ್ತು."

ಅವನು ಮೆಟ್ಟಿಲು ಇಳಿದ. ತಮ್ಮ ಹಿಂದೆಯೇ ಓಡಿದ.

ಅಪ್ಪ ರಿಂಗಿನ ಅಂಚಿನಲ್ಲಿ ಕುಳಿತು ಬಟ್ಟೆ ಸುತ್ತುತ್ತಿದ್ದ. ಅಣ್ಣ ಅವನನ್ನು ಅಂಗಿ ಹಿಡಿದು ರಿಂಗಿನ ಹಗ್ಗದಡಿಯಿಂದ ಒಳಗೆಳೆದ.

"ಟೈಮಾಗಿದ್ದು ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ?"

"ಸೋಲ್ತಿದ್ದೆಯಲ್ಲೋ ಕತ್ತೆ."

ಏಟು ಬಿತ್ತು. ಅಪ್ಪನ ಕೈಗಳು ಹಳೆಯ ಅಭ್ಯಾಸದಿಂದ ಮೇಲೆದ್ದವು: ಗದ್ದ ಒಳಗೆ, ಮೊಣಕೈ ಪಕ್ಕೆಗೆ. ತಾನು ಕಲಿಸಿದ್ದನ್ನೆಲ್ಲ ಅವನು ಸರಿಯಾಗಿಯೇ ಮಾಡಿದ. ಅಣ್ಣನೂ ಕಲಿತದ್ದನ್ನೆಲ್ಲ ಮಾಡಿದ. ಪಕ್ಕೆಗೆ ಒಂದು; ಕೈ ಕೆಳಗಿಳಿದಾಗ ಹಣೆಗೆ ಒಂದು. ಹುಬ್ಬು ಒಡೆದು ಅಪ್ಪನ ಕಣ್ಣಿಗೆ ರಕ್ತ ಇಳಿಯಿತು. ಅವನು ಮೂಲೆಯ ಕಂಬಕ್ಕೆ ಒರಗಿದ.

"ಬಾರಿಸೋ!" ಅಪ್ಪ ಕೂಗಿದ.

ತಮ್ಮ ಆಗಲೇ ಗಂಟೆಯ ಹಗ್ಗ ಹಿಡಿದಿದ್ದ. ಅಣ್ಣನ ಬಲಭುಜ ಕೆಳಗೆ ಇಳಿಯುವುದು ಅವನಿಗೆ ಕಂಡಿತು. ಮುಂದೆ ಬರುವ ಏಟು ಯಾವುದೆಂದು ಗೊತ್ತಿತ್ತು. ಈಗ ಎಳೆದರೆ ಅದು ಬೀಳುವುದಿಲ್ಲ ಎಂದೂ ಗೊತ್ತಿತ್ತು. ಹಗ್ಗ ಅಂಗೈಯಲ್ಲಿ ಒರಟಾಗಿತ್ತು. ಅವನು ಎಳೆಯಲಿಲ್ಲ.

ಅಪ್ಪನ ಮೂಗು ಒಡೆದ ಸದ್ದು ಶೆಡ್ಡಿನ ತಗಡಿನಲ್ಲೆಲ್ಲ ಪ್ರತಿಧ್ವನಿಸಿತು.

ಆಮೇಲೆ ಗಂಟೆ ಬಾರಿಸಿದ.

ಅಣ್ಣನ ಕೈಗಳು ಯಾರದೋ ಕೈಗಳಂತೆ ಜೋತುಬಿದ್ದವು. ಬೆರಳ ಗೆಣ್ಣುಗಳಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅಪ್ಪ ಕಂಬಕ್ಕೆ ಬೆನ್ನು ಉಜ್ಜುತ್ತ ಕೆಳಗೆ ಕೂತ.

"ತಡ ಮಾಡಿದೆ ನೀನು," ಎಂದ ಅಣ್ಣ, ತಿರುಗದೆಯೇ.

ತಮ್ಮ ತಲೆಯೆತ್ತಿದ. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಅಪ್ಪನೂ ಒಂದೇ ಕಣ್ಣಲ್ಲಿ ಅದನ್ನೇ ನೋಡುತ್ತಿದ್ದ.

"ಹೋಗಿ ಆ ಟೇಪು ಕೀಳೋ," ಎಂದ ಅಪ್ಪ, ಬಾಯಲ್ಲಿ ರಕ್ತ ತುಂಬಿಕೊಂಡು. "ಈಗ ನೀನೂ ಇದ್ದೀಯ ಅದರಲ್ಲಿ."

ತಮ್ಮ ಅಲುಗುತ್ತಿದ್ದ ಹಲ್ಲನ್ನು ಎರಡು ಬೆರಳಲ್ಲಿ ಹಿಡಿದು ಕಿತ್ತು ಎಸೆದ.

"ಇರಲಿ," ಎಂದ. "ನಾಳೆ ಎರಡನ್ನೂ ತೋರಿಸೋಣ."

ಎರಡೂ ವಿಡಿಯೋ ನಕಲು ಮಾಡಲು ಮೆಟ್ಟಿಲು ಹತ್ತಿದ.