ಸಾಕು ಅನ್ನುವ ಕೆಲಸ

ಆಕಾಶದಲ್ಲಿ ವೇಗಕ್ಕೆ ಮಿತಿ ಯಾತಕ್ಕೆ, ಅಲ್ಲೇನು ನಾಯಿ ಅಡ್ಡ ಬರುತ್ತದೆಯೇ ಎಂದು ಕೇಳುವ ಜಾಣರು ಬೇಕಾದಷ್ಟಿದ್ದಾರೆ. ಅವರಿಗೆಲ್ಲ ಹೇಳಿ ಹೇಳಿ ಆ ಎಂಜಿನಿಯರಮ್ಮನಿಗೆ ಬಾಯಿ ನೋವು ಬಂದಿತ್ತು. ಒಂದು ವೇಗ ದಾಟಿದರೆ ಗಾಳಿಯೇ ವಿಮಾನವನ್ನು ಹಿಡಿದು ಅಲುಗಿಸುತ್ತದೆ. ಆ ನಡುಕ ನಿಲ್ಲದಿದ್ದರೆ ವಿಮಾನ ಚೂರುಚೂರು. ಹೊಸ ಯುದ್ಧವಿಮಾನಕ್ಕೆ ಆ ವೇಗ ಯಾವುದೆಂದು ಹಾರಿಸಿಯೇ ತಿಳಿಯಬೇಕು. ಪೈಲಟ್ ಸ್ವಲ್ಪಸ್ವಲ್ಪವೇ ವೇಗ ಏರಿಸುತ್ತ, ಪ್ರತಿ ಸಲವೂ ವಿಮಾನ ನಡೆಸುವ ಹಿಡಿಕೆಗೆ ಸಣ್ಣದೊಂದು ಏಟು ಕೊಟ್ಟು ಅದನ್ನು ಅಲುಗಿಸುತ್ತಾನೆ. ಕೆಳಗಿನ ಕೋಣೆಯಲ್ಲಿ ಕೂತ ಇವಳು, ಪರದೆಯ ಮೇಲೆ ಆ ಅಲುಗಾಟ ತೋರಿಸುವ ಗೆರೆಯ ನಡುಕ ಎಷ್ಟು ಬೇಗ ಅಡಗುತ್ತದೆಂದು ನೋಡುತ್ತಾಳೆ. ತಡವಾದರೆ ಮೈಕಿನಲ್ಲಿ ‘ಸಾಕು’ ಅನ್ನಬೇಕು. ಅವಳ ಕೆಲಸ ಅಷ್ಟೇ.

ಪೈಲಟ್ ಅವಳ ಮೈದುನ. ಒಂದೇ ಮನೆ, ಒಂದೇ ಅಡುಗೆ. ಅವಳಿಗೆ ‘ಸಾಕಮ್ಮ’ ಎಂದು ಹೆಸರಿಟ್ಟವನೂ ಅವನೇ. “ಬಡಿಸೋವಾಗ್ಲೂ ನೀವೇ ಸಾಕು ಅಂತೀರಲ್ಲ ಅತ್ತಿಗೆ, ತಿನ್ನೋನು ನಾನು” ಎಂದು ಊಟಕ್ಕೆ ಕೂತಾಗಲೆಲ್ಲ ರೇಗಿಸುತ್ತಿದ್ದ. ಹೆಸರು ಕಚೇರಿಗೂ ಕಾಲಿಟ್ಟಿತು. ಮೈದುನನ ಬಾಯಲ್ಲಿ ತಮಾಷೆಯಾಗಿದ್ದದ್ದು ಮುಖ್ಯಸ್ಥನ ಬಾಯಲ್ಲಿ ಚುಚ್ಚುಮಾತಾಯಿತು. ಪಕ್ಕದ ದೇಶದ ವಿಮಾನಕ್ಕೆ ಇದಕ್ಕಿಂತ ಹೆಚ್ಚು ವೇಗವಿದೆ, ಇವಳ ‘ಸಾಕು’ ಅದನ್ನು ದಾಟಲು ಬಿಡುತ್ತಿಲ್ಲ ಎಂಬುದು ಆ ಮನುಷ್ಯನ ಹೊಟ್ಟೆಯುರಿ.

“ಏನ್ ಸಾಕಮ್ಮ, ಇವತ್ತೂ ನಮ್ಮ ಮಾನ ಕಳೀತೀಯಾ?” ಎಂದು ಆ ದಿನ ಹಾರಾಟಕ್ಕೆ ಮೊದಲು ಎಲ್ಲರೆದುರೇ ಕೇಳಿದ. ಕೋಣೆಯವರು ಮುಸಿಮುಸಿ ನಕ್ಕರು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ವಿಮಾನ ಮೇಲೇರಿತು, ವೇಗವೂ ಏರಿತು. ಗೆರೆ ನಡುಗಿತು. ಅಡಗಿತು, ಆದರೆ ತಡವಾಗಿ. ಬೇರೆ ದಿನವಾಗಿದ್ದರೆ ‘ಸಾಕು’ ಎಂಬ ಮಾತು ಆಗಲೇ ಹೊರಬಿದ್ದಿರುತ್ತಿತ್ತು.

“ಅತ್ತಿಗೆ, ಮುಂದಕ್ಕೆ ಹೋಗ್ಲಾ?” ಮೈದುನ ಕೇಳಿದ.

ಮುಖ್ಯಸ್ಥ ಅವಳ ಬೆನ್ನ ಹಿಂದೆಯೇ ನಿಂತಿದ್ದ. ಒಂದೇ ಒಂದು ಸಲ ಇವನ ಬಾಯಿ ಮುಚ್ಚಿಸೋಣ ಅನ್ನಿಸಿತು ಅವಳಿಗೆ.

“ಹೋಗು” ಎಂದಳು.

ವಿಮಾನದ ಬಾಲ ಕಿತ್ತುಹೋಗಲು ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಹೊರಗೆ ಜಿಗಿಯಲು ಅವನಿಗೆ ಆಗಲೇ ಇಲ್ಲ.

ವಿಚಾರಣೆ ನಡೆಯಿತು. ಯಾರದೂ ತಪ್ಪಿಲ್ಲವಂತೆ, ಪರೀಕ್ಷೆ ಎಂದಮೇಲೆ ಅಪಾಯ ಇದ್ದದ್ದೇ ಅಂತೆ. ವಿಮಾನ ಮುರಿದ ವೇಗಕ್ಕಿಂತ ಒಂದಿಷ್ಟು ಕೆಳಗೆ ಗರಿಷ್ಠ ವೇಗ ನಿಗದಿಯಾಯಿತು. ಅದು ಪಕ್ಕದ ದೇಶದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚೇ ಇತ್ತು.

“ಅವತ್ತು ನೀನು ಸಾಕು ಅಂದಿದ್ರೆ ನಮಗೆ ಇಷ್ಟು ಸಿಗ್ತಿರ್ಲಿಲ್ಲಮ್ಮ” ಎಂದು ಮುಖ್ಯಸ್ಥ ಬೆನ್ನು ತಟ್ಟಿದ. ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಯಾವ ಮುಖ ಇಟ್ಟುಕೊಂಡು ಉಗಿಯುವುದು? ಬ್ಯಾಗು ಎತ್ತಿಕೊಂಡು ಮನೆಗೆ ಹೊರಟಳು. ದಾರಿಯುದ್ದಕ್ಕೂ, ಇವತ್ತು ನಿಜ ಹೇಳಿಬಿಡುತ್ತೇನೆ ಎಂದುಕೊಂಡೇ ನಡೆದಳು.

ಮನೆಯಲ್ಲಿ ಮೈದುನನ ಹೆಂಡತಿ ಅವನ ಬಟ್ಟೆಗಳನ್ನು ಮಡಚಿಡುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು. “ಅಕ್ಕ, ನೀನು ಅಲ್ಲೇ ಇದ್ದೆ. ಸಾಕು ಅನ್ನಲಿಲ್ವಾ?”

“ಅಂದೆ ಕಣೇ” ಎಂದಿತು ಹಾಳು ನಾಲಿಗೆ. “ಅವನು ಕೇಳಲಿಲ್ಲ.”

ವಾರಗಿತ್ತಿ ಅಳಲಿಲ್ಲ. ಕೈಯಲ್ಲಿದ್ದ ಅಂಗಿಯನ್ನು ಮುದ್ದೆ ಮಾಡಿ ಮೂಲೆಗೆ ಬಿಸಾಡಿದಳು. “ನನ್ನ ಮಾತು ಹಾಗಿರಲಿ, ನಿನ್ನ ಮಾತೂ ಕೇಳಲಿಲ್ವಾ? ಮಗು ಇದೆ ಅಂತ ನೆನಪೂ ಆಗಲಿಲ್ವಾ ಅವನಿಗೆ?”

ದನಿ ಕೇಳಿ ಮಗಳು ಒಳಗಿನಿಂದ ಬಂದಳು. ಅಮ್ಮನನ್ನು ನೋಡಿದಳು, ನೆಲದ ಮೇಲಿದ್ದ ಅಪ್ಪನ ಅಂಗಿ ನೋಡಿದಳು.

“ಅಪ್ಪಂಗೆ ನಾವು ಬೇಡವಾಗಿದ್ವಾ ದೊಡ್ಡಮ್ಮ?”

ದೊಡ್ಡಮ್ಮ ಬಗ್ಗಿ ಆ ಅಂಗಿ ಎತ್ತಿಕೊಂಡು ಮಡಚತೊಡಗಿದಳು.