ಪದರ ಉಳಿದ ಪುಡಿ

ನಿವೃತ್ತರಾದ ಮಾದವನ್ ಸಾರ್ ತಮಿಳುನಾಡಿನ ಆಂಡಿಪಟ್ಟಿಯಿಂದ ದಿಂಡಿಗಲ್ಲಿನ ತಮ್ಮ ಹಳೆಯ ಪ್ರಯೋಗಾಲಯಕ್ಕೆ ಬಂದರು. ಶಿಷ್ಯೆ ಯುವಶ್ರೀ ಮ್ಯಾಂಗನೀಸ್ ಆಕ್ಸೈಡ್ ಪುಡಿ ಲೇಪಿಸಿದ ತಗಡನ್ನು ನೀರಿಗಿಳಿಸಿ ವಿದ್ಯುತ್ ಹಾಯಿಸಿದಳು. ತಗಡಿನ ತುಂಬ ಆಮ್ಲಜನಕದ ಗುಳ್ಳೆಗಳೆದ್ದವು.

"ಅದೇ ಪುಡಿಯಾ, ತಾಯಿ? ಎಷ್ಟೋ ವರ್ಷ ಮಾಡ್ದೆ, ನನಗೆ ಇಷ್ಟು ಗುಳ್ಳೆ ಬರ್ಲಿಲ್ಲ."

"ಅದೇ, ಸಾರ್. ಆಗ ನಾವು ಜಾಸ್ತಿ ಸುಟ್ಬಿಟ್ವು. ಪದರ ಪದರವಾಗಿದ್ದ ಹರಳು ಒತ್ತಾಗಿ ಮುಚ್ಕೊಂತು. ಈಗ ಕುಲುಮೆ ಸೂಡು ಕಮ್ಮಿ ಮಾಡಿ ಸಣ್ಣ ಕಾವಲ್ಲಿ ಸುಟ್ಟೆ, ನೀರು ಒಳಗೆ ಹೋಗಕ್ಕೆ ಸಂದು ಉಳೀತು."

ಕುಲುಮೆಯ ಪಕ್ಕ ಇಬ್ಬರೂ ಮನೆಯ ಕನ್ನಡದಲ್ಲಿ ಹರಟುತ್ತ ಕಾಯುತ್ತಿದ್ದ ಮಧ್ಯಾಹ್ನಗಳು, ಸಾರ್ ತರುತ್ತಿದ್ದ ಕಂಬಂ ಊರಿನ ದ್ರಾಕ್ಷಿ ಅವಳಿಗೆ ನೆನಪಾದವು. ಆ ದಿನಗಳು ಇನ್ನಿಲ್ಲ.

ಸಾರ್ ಸ್ಟೂಲು ಎಳೆದುಕೊಂಡು ಕೂತರು. "ಈ ಬಸ್ಸು ಬಿಟ್ಟು ಅಡುತ್ತ ಬಸ್ಸಿಗೆ ಹೋಗ್ತೀನಿ, ತಾಯಿ. ಇನ್ನೊಂಚೂರು ನೋಡ್ತೀನಿ" ಎಂದರು.