ಮೂಗ ಮಾಲಿಯ ಮಗಳು

ಮಾಲಾ ಗಾಲ್ಫ್ ಆಡುತ್ತಾಳೆ ಎಂದರೆ ಬೆಂಗಳೂರಿನವರು ಮೊದಲು ಕೇಳುತ್ತಿದ್ದದ್ದು ಜೋಳದ ರೊಟ್ಟಿಯ ಬಗ್ಗೆ. ವಿಜಯಪುರದ ಕಡೆಯವಳು, ಖಡಕ್ ರೊಟ್ಟಿ ತಿಂದು ಬೆಳೆದವಳು, ಅದಕ್ಕೇ ಚೆಂಡು ಅಷ್ಟು ದೂರ ಹೋಗುತ್ತದೆ ಎಂದು ಪತ್ರಿಕೆಯವರೂ ಬರೆದರು. ನಿಜ ಹೇಳಬೇಕೆಂದರೆ ದೂರ ಹೊಡೆಯುವುದರಲ್ಲಿ ಅವಳು ಸಾಧಾರಣ. ಅವಳನ್ನು ಗೆಲ್ಲಿಸುತ್ತಿದ್ದದ್ದು ಕುಳಿಯ ಹತ್ತಿರದ ಕೊನೆಯ ನಾಲ್ಕು ಮಾರು. ಅಲ್ಲಿ ಹುಲ್ಲು ಯಾವ ಕಡೆಗೆ ಮಲಗಿದೆ ಎಂದು ನೋಡಿ ಚೆಂಡನ್ನು ಮೆಲ್ಲಗೆ ಉರುಳಿಸಬೇಕು. ಆ ವಿದ್ಯೆ ಕಲಿಸಿದವನು ಅವಳ ಅಪ್ಪ ದಶರಥ. ಅದನ್ನು ಮಾತ್ರ ಯಾರೂ ಬರೆಯಲಿಲ್ಲ, ಏಕೆಂದರೆ ದಶರಥ ಹೊರಗೆ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ.

ದಶರಥ ತಿಕೋಟಾ ಹತ್ತಿರದ ಕಳ್ಳಕವಟಗಿಯವನು. ಹೆಂಡತಿ ಹುಲಿಗೆವ್ವ ಮತ್ತು ಎರಡು ವರ್ಷದ ಮಗಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಹೋಗಿ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಮಾಲಿಯಾಗಿ ಸೇರಿದ್ದ. ಇಪ್ಪತ್ತೆರಡು ವರ್ಷ ಅಲ್ಲಿಯ ಹುಲ್ಲು ಕತ್ತರಿಸಿದ. ಕೊನೆಯ ಹನ್ನೊಂದು ವರ್ಷ ಕ್ಲಬ್ಬಿನ ಸದಸ್ಯರು ಅವನನ್ನು 'ಮೂಗ ಮಾಲಿ' ಎಂದೇ ಕರೆಯುತ್ತಿದ್ದರು.

ಅವನ ಬಾಯಿ ಕಟ್ಟಿದವಳು ಮಾಲಾ. ಆಗ ಅವಳಿಗೆ ಹದಿಮೂರು. ಕ್ಲಬ್ಬಿನ ತರಬೇತುದಾರರು ಅವಳ ಕೈಗುಣ ನೋಡಿ ಸದಸ್ಯರ ಮಕ್ಕಳ ಜೊತೆ ಆಡಲು ಬಿಟ್ಟಿದ್ದರು. ಒಂದು ಮಧ್ಯಾಹ್ನ ದಶರಥ ಮೈದಾನದ ಆ ತುದಿಯಿಂದ ಹೊಲದಲ್ಲಿ ಕೂಗುವಂತೆ ಕೂಗಿದ: "ಏ ಮಾಲಾ, ಬಿಸಲಾಗ ಎಷ್ಟೊತ್ತ ನಿಂದರ್ತಿ? ಬಾ, ರೊಟ್ಟಿ ಆರಾಕತ್ತಾವು." ಹುಡುಗಿಯರು ಬಿದ್ದು ಬಿದ್ದು ನಕ್ಕರು. ವಾರವಿಡೀ ಅದೇ ಮಾತನ್ನು ಅದೇ ರಾಗದಲ್ಲಿ ಹೇಳಿ ಅವಳನ್ನು ಕಾಡಿದರು. ಸಂಜೆ ಅವಳು ಅಪ್ಪನಿಗೆ, ಅವರ ಮುಂದೆ ನೀನು ಮಾತಾಡಬೇಡ ಎಂದಳು. ಅವನು "ಆತು" ಎಂದ. ಮರುದಿನದಿಂದ ಯಾರು ಏನು ಕೇಳಿದರೂ ಕೈಸನ್ನೆ, ತಲೆಯಾಡಿಸುವಿಕೆ, ಅಷ್ಟೇ. ಮನೆಯಲ್ಲಿ ಮಾತಾಡುತ್ತಿದ್ದ, ಕ್ಲಬ್ಬಿನ ಗೇಟು ದಾಟಿದರೆ ಮೂಗ. ಮಗುವಿನ ಬಾಯಿಂದ ಬಂದ ಒಂದು ಮಾತನ್ನು ಯಾವ ತಂದೆಯೂ ಹೀಗೆ ತಲೆಯ ಮೇಲೆ ಹೊತ್ತುಕೊಳ್ಳಬಾರದು. ಮಾಲಾ ಆ ಮಾತನ್ನು ಮರೆತಿರಲಿಲ್ಲ. ವಾಪಸು ತೆಗೆದುಕೊಂಡಿರಲೂ ಇಲ್ಲ. ಮೊದಲು ನಾಚಿಕೆ ಅಡ್ಡ ಬಂತು, ಆಮೇಲೆ ವರ್ಷಗಳು ಅಡ್ಡ ಬಂದವು.

ಈಗ ಅವಳಿಗೆ ಇಪ್ಪತ್ತಾರು. ದಶರಥ ಕೆಲಸ ಬಿಟ್ಟು ಊರು ಸೇರಿ ಎರಡು ವರ್ಷವಾಗಿತ್ತು. ಮುಂದಿನ ತಿಂಗಳು ಥಾಯ್ಲೆಂಡಿನಲ್ಲಿ ಅರ್ಹತಾ ಸುತ್ತು ಇತ್ತು. ಅದರಲ್ಲಿ ತೇರ್ಗಡೆಯಾದರೆ ಏಷ್ಯಾದ ಟೂರ್ನಿಗಳಲ್ಲಿ ವರ್ಷಪೂರ್ತಿ ಆಡಬಹುದು. ಹೋಗಲು ಪ್ರಾಯೋಜಕರು ಬೇಕು. ಇಲ್ಲದಿದ್ದರೆ ಇನ್ನೊಂದು ವರ್ಷ ಮನೆಯಲ್ಲಿ ಕೂತು ಕಾಯಬೇಕು, ಮತ್ತು ಈ ಆಟದಲ್ಲಿ ಕಾಯುವವರನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಮುಂದೆ ಬಂದವರು ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿ ಅರುಣಕುಮಾರ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಅಲ್ಲಿಯೇ ಚಹಾ ಕುಡಿಯುತ್ತ ಮಾತು ಮುಗಿಯಿತು: ಒಂದು ಜಾಹೀರಾತಿನಲ್ಲಿ ನಟಿಸಿದರೆ ವರ್ಷದ ಖರ್ಚು ಅವರದು. ಮಾಲಾ ಬೆಂಗಳೂರಿನ ಕನ್ನಡದಲ್ಲಿ ಥ್ಯಾಂಕ್ಸ್ ಹೇಳಿದಾಗ ಅಂಗಡಿಯವರೆಲ್ಲ ಮುಖ ಮುಖ ನೋಡಿಕೊಂಡರು. ಬೆಂಗಳೂರಿನಲ್ಲಿ ಚಿಕ್ಕಂದಿನಲ್ಲಿ ಅವಳ ಮಾತು ಊರಿನದಾಗಿತ್ತು, ಇಲ್ಲಿ ಬೆಂಗಳೂರಿನದಾಯಿತು. ಎರಡೂ ಕಡೆ ಅವಳು ಹೊರಗಿನವಳೇ.

ಜಾಹೀರಾತಿನ ಹಾಳೆ ಕೈಗೆ ಬಂದಾಗ ಅವಳಿಗೆ ಸರಿ ಕಾಣಲಿಲ್ಲ. ಅಪ್ಪ ಮಗಳು ಇಬ್ಬರೂ ತೋಟದಲ್ಲಿ ನಿಂತು, ಟಿವಿಯ ಹಾಸ್ಯದವರಂತೆ ಊರಿನ ಮಾತಿನಲ್ಲಿ ಒರಟಾಗಿ ಚೀರಾಡಬೇಕು. ಅವಳು ಫೋನ್ ಮಾಡಿ ಕೇಳಿದಳು. ಅರುಣಕುಮಾರ ನಕ್ಕುಬಿಟ್ಟರು. "ನೋಡ್ರಿ ಮೇಡಂ, ನಮ್ಮ ಮಾತ ಕೇಳಿದ್ರ ಮಂದಿ ನಗತಾರ. ನಕ್ರ ಮಾಲ ಹೋಗತೈತಿ. ನಾನೂ ಇದ ಊರಾವ, ನನಗೇನ ಬ್ಯಾಸರಿಲ್ಲ." ಅವರ ದನಿಯಲ್ಲಿ ಕೆಡುಕಿರಲಿಲ್ಲ, ಅದೇ ಅವಳ ಕೈ ಕಟ್ಟಿಹಾಕಿತು. ಅರ್ಹತಾ ಸುತ್ತನ್ನು ನೆನೆದು ಹೂಂ ಎಂದಳು. ಅಪ್ಪ ಹೇಗೂ ಒಪ್ಪಲಿಕ್ಕಿಲ್ಲ, ಆಗ ಅವನ ಭಾಗ ತಾನಾಗಿ ಬಿಟ್ಟುಹೋಗುತ್ತದೆ ಎಂದುಕೊಂಡಳು.

ದಶರಥ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಮೂರು ದಿನ ಮನೆಯಲ್ಲಿ ತಯಾರಿ ನಡೆಸಿದ. ಅದೇನು ತಯಾರಿ ಎಂದು ಹುಲಿಗೆವ್ವ ಮಗಳಿಗೆ ಹೇಳಲಿಲ್ಲ.

ಶೂಟಿಂಗ್ ಇದ್ದದ್ದು ಬಬಲೇಶ್ವರ ಹತ್ತಿರ, ಜೈನಾಪುರದ ದಾರಿಯಲ್ಲಿದ್ದ ಅರುಣಕುಮಾರರ ದ್ರಾಕ್ಷಿ ತೋಟದಲ್ಲಿ. ನಿರ್ದೇಶಕಿ ಅನುರಾಧಾ ಬೆಂಗಳೂರಿನ ಹುಡುಗಿ, ಒಳ್ಳೆಯವಳು, ಬಂದವರಿಗೆಲ್ಲ ನೀರು ಕೊಟ್ಟು ಕೂರಿಸಿದಳು. ದಶರಥನ ತಲೆಗೆ ದೊಡ್ಡ ಪಟಕಾ ಸುತ್ತಿಸಿ, ಮೂಗಿನ ಕೆಳಗೆ ಹುರಿಮೀಸೆ ಅಂಟಿಸಿದರು. ಅವನು ಹುಟ್ಟಾ ಮೀಸೆ ಬೆಳೆಸಿದವನಲ್ಲ. ಅಂಟು ಕಡಿಯುತ್ತಿದ್ದರೂ ಮುಟ್ಟಿಕೊಳ್ಳದೆ ನಿಂತ.

ಕ್ಯಾಮೆರಾ ಶುರುವಾಯಿತು. ದಶರಥ ಎರಡೂ ಕೈ ಸೊಂಟಕ್ಕೆ ಕೊಟ್ಟು, ಕಣ್ಣು ದೊಡ್ಡದು ಮಾಡಿ, ಗಂಟಲು ಹರಿಯುವಂತೆ ಒದರಿದ: "ಏ ಮಂಗ್ಯಾನ ಮಗನ! ನನ್ನ ಮಗಳ ಹೊಡದ್ಲಂದ್ರ ಚೆಂಡ ಸೊಲ್ಲಾಪುರದಾಗ ಬೀಳತೈತಲೇ!"

ಎಲ್ಲರೂ ನಕ್ಕರು. ಅನುರಾಧಾ ಚಪ್ಪಾಳೆ ತಟ್ಟಿದಳು. ಅರುಣಕುಮಾರ ಹೊಟ್ಟೆ ಹಿಡಿದುಕೊಂಡರು. ನಗೆ ಕೇಳಿ ದಶರಥ ಹುರುಪಾಗಿ, ಯಾರೂ ಹೇಳದಿದ್ದರೂ ಮತ್ತೊಮ್ಮೆ, ಇನ್ನೂ ಸೊಟ್ಟ ಮುಖ ಮಾಡಿ, ಹೆಗಲು ಕುಣಿಸಿ ಹೇಳಿದ.

ಮಾಲಾ ನಗಲಿಲ್ಲ. ಈ ಮಾತು ಅವಳ ಅಪ್ಪನದಲ್ಲ. ಸಾಲಿಗೆ ಹೋಗುವ ಮಕ್ಕಳಿಗೂ 'ಬರ್ರಿ, ಹೋಗ್ರಿ' ಎನ್ನುವ ಮನುಷ್ಯ ಅವನು, ಹುಟ್ಟಿದಾಗಿನಿಂದ ಒಬ್ಬರಿಗೂ ಬಯ್ದದ್ದು ಅವಳು ಕೇಳಿಲ್ಲ. ಟಿವಿಯವರು ಇವನಂಥವರ ಅಣಕ ಮಾಡಿದ್ದರು. ಮನೆಯಲ್ಲಿ ನಡೆದ ತಯಾರಿ ಏನೆಂದು ಅವಳಿಗೆ ಈಗ ಹೊಳೆಯಿತು. ಇವನು ಮೂರು ದಿನ ಗೋಡೆಯ ಮೇಲಿನ ಬುದ್ಧನ ಫೋಟೋದ ಕೆಳಗೆ ಕನ್ನಡಿ ಹಿಡಿದುಕೊಂಡು ಕೂತು ಆ ಅಣಕವನ್ನೇ ಉರು ಹೊಡೆದಿದ್ದ. ತಾನು ಆಡುವ ಭಾಷೆ ಹೇಗಿರಬೇಕೆಂದು ಬೇರೆಯವರಿಂದ ಕಲಿತುಕೊಂಡು ಬಂದಿದ್ದ, ಮಗಳ ಸಲುವಾಗಿ.

"ನಿಲ್ಲಿಸಿ," ಎಂದಳು.

ಎಲ್ಲರೂ ನಿಂತರು. ದಶರಥನ ಮುಖ ಸಣ್ಣದಾಯಿತು. ಮಗಳ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ ಕೇಳಿದ: "ನಂಗ ಬರಲಿಲ್ಲೇನ ಯವ್ವಾ?"

ಆಮೇಲೆ ತಾನೇ ದಾರಿ ಹುಡುಕಿದವನಂತೆ ಹೇಳಿದ:

"ಹಂಗಾರ ಮಾತ ಬ್ಯಾಡ ಬಿಡು. ನಾ ಸುಮ್ಮ ನಿಂದರ್ತೀನಿ. ನಂಗ ರೂಢಿ ಐತಿ."

ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಮಾಲಾ ಅಲ್ಲಿಯೇ, ದ್ರಾಕ್ಷಿ ಸಾಲಿನ ನಡುವೆ, ಎಲ್ಲರ ಮುಂದೆ ಅತ್ತುಬಿಟ್ಟಳು. ಹದಿಮೂರು ವರ್ಷ ಆಡದ ಊರಿನ ಮಾತು ಆ ಅಳುವಿನಲ್ಲಿ ಹೊರಬಂತು.

"ನಮ್ಮಪ್ಪ ಮೂಗ ಅಲ್ರಿ. ಹಿಂಗ ಒದರಾವನೂ ಅಲ್ಲ. ನಾನ ಇವನ ಬಾಯಿ ಕಟ್ಟೀನಿ. ಈಗ ಇವನ ಬಾಯಿಲೆ ಇವನ್ನ ಹಾಸ್ಯ ಮಾಡಸಾಕ ನಂಗ ಆಗೂದಿಲ್ಲ."

ಅನುರಾಧಾ ಹತ್ತಿರ ಬಂದು ಭುಜ ಹಿಡಿದಳು. ಬೇರೆ ರೀತಿ ಬರೆಯಬಹುದೇನೋ ಎಂದು ಅರುಣಕುಮಾರರ ಮುಖ ನೋಡಿದಳು. ಅವರು ತಲೆ ತಗ್ಗಿಸಿ, ನಗೆ ಇಲ್ಲದಿದ್ದರೆ ಈ ಜಾಹೀರಾತು ತಮಗೆ ಬೇಡ ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಬಬಲೇಶ್ವರದ ಬಸ್‌ಸ್ಟ್ಯಾಂಡಿನವರೆಗೆ ತಮ್ಮ ಕಾರಿನಲ್ಲೇ ಕಳಿಸಿಕೊಟ್ಟರು.

ಮೀಸೆ ಕಿತ್ತ ಜಾಗ ಕೆಂಪಾಗಿತ್ತು. ದಶರಥ ಕಾರಿನಲ್ಲಿ ಅದನ್ನೇ ಸವರಿಕೊಳ್ಳುತ್ತ ಕೂತ. ಬಸ್‌ಸ್ಟ್ಯಾಂಡಿನಲ್ಲಿ ಮಾಲಾ ಅವನ ಕೈ ಹಿಡಿದು, ಅವತ್ತು ಕ್ಲಬ್ಬಿನಲ್ಲಿ ತಾನು ಹೇಳಿದ್ದು ತಪ್ಪು, ಆ ಮಾತನ್ನು ಬಿಟ್ಟುಬಿಡು ಎಂದಳು. ಅವನು ಕೈ ಕಿತ್ತುಕೊಂಡ.

"ಅದನ್ನ ಹಿಡಕೊಂಡ ಇದನ್ನ ಕಳಕೊಂಡಿ ಏನ?" ಅವನ ದನಿ ಏರಿತು. "ಬುದ್ಧಿ ಐತೇನ ನಿನಗ? ಒಂದ ವರ್ಷ ಹೋತಲ್ಲ! ನಾ ಹನ್ನೊಂದ ವರ್ಷ ಯಾಕ ಸುಮ್ಮ ಇದ್ದೆ? ನೀ ಆಡ್ಲಿ ಅಂತ ಇದ್ದೆ! ಮೊದಲ ಹಿಡದ ಎಲ್ಲಾ ನಿಂದ ಹಠ, ನಿಮ್ಮವ್ವನಂಥಾ ಹಠ..."

ಬಸ್‌ಸ್ಟ್ಯಾಂಡಿನ ಜನ ತಿರುಗಿ ನೋಡಿದರು. ಬುಟ್ಟಿ ಇಳಿಸುತ್ತಿದ್ದ ಹೆಂಗಸರು ಹಾಗೇ ನಿಂತರು. ಅಪ್ಪ ಹೊರಗೆ, ನಾಲ್ಕು ಜನರ ನಡುವೆ, ಬಾಯಿ ತುಂಬ ತನ್ನದೇ ಮಾತು ಆಡುವುದನ್ನು ಮಾಲಾ ಹದಿಮೂರು ವರ್ಷಗಳ ನಂತರ ಕೇಳುತ್ತಿದ್ದಳು. ಕೆನ್ನೆ ಒರೆಸಿಕೊಳ್ಳದೆ ನಿಂತಳು.

ದಶರಥನಿಗೆ ಜನ ಕಂಡರು. ಅವನ ದನಿ ತಟ್ಟನೆ ಇಳಿಯಿತು, ಕೈ ಬಾಯಿಯ ಹತ್ತಿರ ಹೋಯಿತು.

"ಮಂದಿ ನೋಡಾಕತ್ತಾರ," ಎಂದ ಮೆಲ್ಲಗೆ.

"ನೋಡ್ಲಿ," ಎಂದಳು ಮಾಲಾ. "ನೀ ಬೈ ಯಪ್ಪಾ."

ಅವನು ಸುತ್ತ ನೋಡಿದ, ಮಗಳನ್ನು ನೋಡಿದ. ತಿಕೋಟಾ ಬಸ್ಸು ಬರುವವರೆಗೂ ಬೈದ.